ಹೆವಿ ಲೈಸೆನ್ಸಿಗೆ ಬಂದವರನ್ನು ಮೊದಲು ಕೊನೇ ಸೀಟಿಗೆ ಕಳಿಸುತ್ತೇನೆ

ಪೀಣ್ಯದ ಹತ್ತಿರ ಒಂದು ಡ್ರೈವಿಂಗ್ ಸ್ಕೂಲಿನಲ್ಲಿ ಬಸ್ಸು, ಲಾರಿಯಂಥ ಹೆವಿ ಗಾಡಿ ಕಲಿಸುವುದು ನನ್ನ ಕೆಲಸ. ಅದಕ್ಕೂ ಮುಂಚೆ ಫ್ಯಾಕ್ಟರಿ ಬಸ್ ಓಡಿಸುತ್ತಿದ್ದೆ. ನಮ್ಮಲ್ಲಿಗೆ ಬರುವವರಲ್ಲಿ ಜಾಸ್ತಿ ಜನ ಟಾಟಾ ಏಸ್, ಕ್ಯಾಬ್, ಟಿಟಿ (ಟೆಂಪೊ ಟ್ರಾವೆಲರ್) ಓಡಿಸಿ ಸಾಕಾದವರು. ಬಸ್ ಹತ್ತಿದರೆ ತಿಂಗಳ ಸಂಬಳ ಬರುತ್ತದೆ, ಪಿಎಫ್ ಇರುತ್ತದೆ ಎಂಬ ಆಸೆ. ಬಂದವರೆಲ್ಲ ಕೇಳುವುದು ಇನ್‌ಸ್ಪೆಕ್ಟರ್ ಮುಂದೆ ಗಾಡಿ ಓಡಿಸಿ ತೋರಿಸುವ ಟ್ರಯಲ್ ಬಗ್ಗೆ ಒಂದೇ ಪ್ರಶ್ನೆ: "ಸಾರ್, ಟ್ರಯಲ್‌ನಲ್ಲಿ ಏನೇನು ಮಾಡಿಸ್ತಾರೆ?"

ಕಾಗದದ ವಿಷಯ ಬೇಗ ಮುಗಿಸಿಬಿಡುತ್ತೇನೆ. ವಯಸ್ಸು 20 ತುಂಬಿರಬೇಕು. ಕಾರಿನ ಲೈಸೆನ್ಸ್ ಬಂದು ಒಂದು ವರ್ಷ ಆಗಿರಬೇಕು. ಆರೋಗ್ಯ ಸರಿಯಿದೆ ಅಂತ ಡಾಕ್ಟರ್ ಸಹಿ ಮಾಡಿದ ಫಾರಂ 1ಎ, ತರಬೇತಿ ಆಗಿದೆ ಅಂತ ಡ್ರೈವಿಂಗ್ ಸ್ಕೂಲು ಕೊಡುವ ಫಾರಂ 5 ಬೇಕು. ಎಲ್‌ಎಲ್ (ಲರ್ನಿಂಗ್ ಲೈಸೆನ್ಸ್) ಆಗಿ 30 ದಿನ ಕಳೆದ ಮೇಲೆ ಟ್ರಯಲ್. ಎಂಟನೇ ಕ್ಲಾಸ್ ಓದಿರಲೇಬೇಕು ಎಂಬ ನಿಯಮವನ್ನು 2019ರಲ್ಲಿ ತೆಗೆದರು. ಹಾಗಾಗಿ ಸ್ಕೂಲು ಅರ್ಧಕ್ಕೆ ಬಿಟ್ಟವರೂ ಈಗ ಧೈರ್ಯವಾಗಿ ಬರುತ್ತಾರೆ. ಒಳ್ಳೆಯದೇ ಆಯಿತು. ನಾನು ನೋಡಿದ ನಿಧಾನಸ್ಥ, ಜವಾಬ್ದಾರಿಯ ಡ್ರೈವರ್‌ಗಳಲ್ಲಿ ಅಂಥವರೇ ಎಷ್ಟೋ ಜನ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಏನು ಕಲಿಸಬೇಕು ಎಂಬ ಪಟ್ಟಿಯೇ ಇದೆ. ಹೆವಿ ಗಾಡಿಗೆ ಕಡಿಮೆ ಎಂದರೂ 30 ದಿನದ ತರಬೇತಿ, ಅದರಲ್ಲಿ 15 ಗಂಟೆ ಸ್ಟೀರಿಂಗ್ ಹಿಡಿದಿರಬೇಕು. ಬೆಂಕಿಯ ಅಪಾಯ, ಪ್ರಥಮ ಚಿಕಿತ್ಸೆ, ಜನರ ಜೊತೆ ಹೇಗೆ ನಡೆದುಕೊಳ್ಳಬೇಕು ಎಂಬುದೂ ಆ ಪಟ್ಟಿಯಲ್ಲಿದೆ. ಕಲಿಯುವವರ ಗಮನ ಮಾತ್ರ ಪೂರ್ತಿ ರಿವರ್ಸ್ ಮೇಲೆ. ಗಾಡಿ ಹಿಂದಕ್ಕೆ ಸರಿಯಾಗಿ ಬಂದರೆ ಲೈಸೆನ್ಸ್ ಸಿಕ್ಕಿತು ಅಂತ ಲೆಕ್ಕ. ಟ್ರಯಲ್ ಗಾಡಿ ಖಾಲಿ ಇರುತ್ತದೆ, ಅಲ್ವಾ? ಕೆಲಸಕ್ಕೆ ಸೇರಿದ ದಿನವೇ ಬೆನ್ನ ಹಿಂದೆ ಐವತ್ತು ಜನ ಇರುತ್ತಾರೆ. ಅವರಿಗಾಗಿ ಮಾಡುವ ತಯಾರಿಯೇ ಬೇರೆ.

ಅದಕ್ಕೇ ಹೊಸಬರಿಗೆ ಸ್ಟೀರಿಂಗ್ ಕೊಡುವ ಮುಂಚೆ ಕೊನೇ ಸೀಟಿನಲ್ಲಿ ಕೂರಿಸಿ ನಾನೇ ಓಡಿಸುತ್ತೇನೆ. ಆ ಸೀಟು ಹಿಂದಿನ ಆಕ್ಸಲ್‌ಗಿಂತಲೂ ಹಿಂದೆ ಇರುತ್ತದೆ. ಡ್ರೈವರ್‌ಗೆ ಗೊತ್ತೇ ಆಗದ ಹಂಪ್ ಅಲ್ಲಿ ಕೂತವರನ್ನು ಸೀಟಿನಿಂದ ಮೇಲೆತ್ತಿ ಕುಕ್ಕುತ್ತದೆ. ಬಣ್ಣ ಮಾಸಿದ ಹಂಪ್‌ಗಳಿಗೆ ನಮ್ಮ ಊರಲ್ಲಿ ಬರವೇ? ಆಮೇಲೆ ಕಂಬಿ ಹಿಡಿದು ನಿಲ್ಲಿಸುತ್ತೇನೆ. ಸುಮ್ನೆ ಒಂದು ಸಲ ಬ್ರೇಕ್ ಸ್ವಲ್ಪ ಜೋರಾಗಿ ಒತ್ತುತ್ತೇನೆ. ಬೈದುಕೊಳ್ಳುತ್ತಾರೆ, ಬೈದುಕೊಳ್ಳಲಿ. ಕಾರು ಓಡಿಸಿದವರಿಗೆ ಬ್ರೇಕನ್ನು ಕೊನೇ ಗಳಿಗೆಯಲ್ಲಿ ಒತ್ತುವ ಅಭ್ಯಾಸ. ಬಸ್ಸಿನಲ್ಲಿ ಸಿಗ್ನಲ್ ದೂರದಲ್ಲಿ ಕಂಡಾಗಲೇ ಕಾಲು ಆಕ್ಸಿಲರೇಟರ್ ಬಿಟ್ಟಿರಬೇಕು. ಇದನ್ನು ಬಾಯಲ್ಲಿ ಎಷ್ಟು ಹೇಳಿದರೂ ತಲೆಗೆ ಹತ್ತುವುದಿಲ್ಲ. ಕಂಬಿಗೆ ಭುಜ ತಾಗಿದ ಮೇಲೆ ಹತ್ತುತ್ತದೆ.

ಆಮೇಲೆ ಬಾಗಿಲು. ನನ್ನ ಪ್ರಕಾರ ಬೆಂಗಳೂರಿನಲ್ಲಿ ಬಸ್ ಡ್ರೈವರ್‌ನ ನಿಜವಾದ ಪರೀಕ್ಷೆ ನಡೆಯುವುದು ಸ್ಟಾಪಿನಲ್ಲಿ. ಗೊರಗುಂಟೆಪಾಳ್ಯದಲ್ಲೋ ಜಾಲಹಳ್ಳಿ ಕ್ರಾಸ್‌ನಲ್ಲೋ ಹತ್ತು ನಿಮಿಷ ನಿಂತು ನೋಡಿ. ಬಸ್ಸು ಫುಟ್‌ಪಾತ್‌ನಿಂದ ದೂರ ನಿಂತರೆ ಎಡಗಡೆ ಒಂದು ಸಂದಿ ಆಗುತ್ತದೆ. ಆ ಸಂದಿಗೆ ಸ್ಕೂಟರ್ ನುಗ್ಗುತ್ತದೆ. ಅದೇ ಹೊತ್ತಿಗೆ ಮೆಟ್ಟಿಲಿನಿಂದ ಒಬ್ಬರು ಇಳಿಯುತ್ತಾರೆ. ಬಸ್ಸಿನ ತಪ್ಪು ಏನೂ ಇಲ್ಲ ಅಂತ ಡ್ರೈವರ್ ವಾದ ಮಾಡಬಹುದು. ಆ ಸಂದಿ ಮಾಡಿದ್ದು ಯಾರು?

"ಸ್ಟಾಪಿನಲ್ಲಿ ಆಟೋಗಳು ನಿಂತಿರ್ತವೆ, ಒಳಗೆ ಹೋಗೋದು ಹೇಗೆ ಸಾರ್?" ಅಂತ ಹುಡುಗರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಹಾರ್ನ್ ಮಾಡಿ, ಕಾಯಿರಿ. ಜಾಗ ಸಿಗಲೇ ಇಲ್ಲವೆಂದರೆ ಎಡಗನ್ನಡಿ ನೋಡದೆ ಬಾಗಿಲು ತೆಗೆಯಬೇಡಿ. ಗಾಡಿ ಪೂರ್ತಿ ನಿಲ್ಲುವ ತನಕವಂತೂ ತೆಗೆಯಲೇಬೇಡಿ. ಹೊರಡುವಾಗ ಕಂಡಕ್ಟರ್ "ರೈಟ್" ಅಂದರೂ ಇನ್ನೊಂದು ಸಲ ಎಡಗನ್ನಡಿ. ಸೀರೆ ಸೆರಗು, ಬ್ಯಾಗಿನ ಪಟ್ಟಿ ಬಾಗಿಲಿಗೆ ಸಿಕ್ಕಿಕೊಂಡಿರುವುದು ಅಲ್ಲಿಯೇ ಕಾಣುವುದು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರ ಓಡಾಟ ಜಾಸ್ತಿ ಆಗಿದೆ. ವಯಸ್ಸಾದ ಅಮ್ಮಂದಿರು ಎರಡು ಕೈಯಲ್ಲೂ ಚೀಲ ಹಿಡಿದು ಹತ್ತುತ್ತಾರೆ. ಅವರು ಒಂದು ಕಂಬಿ ಹಿಡಿಯುವಷ್ಟು ಹೊತ್ತು ಕ್ಲಚ್ ಬಿಡದೆ ಕಾಯುವುದಕ್ಕೆ ಡೀಸೆಲ್ ಏನೂ ಜಾಸ್ತಿ ಹೋಗುವುದಿಲ್ಲ.

ಫುಟ್‌ಬೋರ್ಡ್ ಮೇಲೆ ನೇತಾಡುವವರ ಬಗ್ಗೆ ಕಾನೂನು ಸ್ಪಷ್ಟ. ಅಲ್ಲಿ ನಿಲ್ಲಿಸಿಕೊಂಡು ಹೋಗುವಂತಿಲ್ಲ. ಪರ್ಮಿಟ್‌ಗಿಂತ ಜಾಸ್ತಿ ಜನರನ್ನು ತುಂಬಿದರೆ, ಹೆಚ್ಚಿಗೆ ಇರುವ ಒಬ್ಬೊಬ್ಬರಿಗೆ 200 ರೂಪಾಯಿ ದಂಡ. ಪರೀಕ್ಷೆಯಲ್ಲಿ ಇದಕ್ಕೆ ಎಲ್ಲರೂ ಸರಿ ಉತ್ತರ ಕೊಡುತ್ತಾರೆ. ರಸ್ತೆಯ ಮೇಲೆ ಏನಾಗುತ್ತದೆ ಅಂತ ನಿಮಗೂ ಗೊತ್ತು.

ಗಾಳಿಯ ಒತ್ತಡದಿಂದ ಹಿಡಿಯುವ ಏರ್ ಬ್ರೇಕ್ ಕಾರಿನವರಿಗೆ ಪೂರ್ತಿ ಹೊಸದು. ಏರ್ ತುಂಬುವ ತನಕ ಗಾಡಿ ಎತ್ತಬಾರದು. ಬಜರ್ ಹೊಡೆಯುತ್ತಿದ್ದರೆ ಅದು ಸುಮ್ನೆ ಹೊಡೆಯುವುದಿಲ್ಲ, ಏರ್ ಸಾಲದು ಅಂತ ಅರ್ಥ. ಬ್ರೇಕನ್ನು ಮೇಲಿಂದ ಮೇಲೆ ಒತ್ತಿ ಬಿಟ್ಟು ಮಾಡಿದರೆ ಟ್ಯಾಂಕಿನ ಏರ್ ಇಳಿಯುತ್ತದೆ. ಟ್ಯಾಂಕಿನಲ್ಲಿ ಸೇರಿದ ನೀರನ್ನು ಬಿಡುತ್ತಿರಬೇಕು. ಇಷ್ಟನ್ನು ಗಾಡಿ ಪಕ್ಕ ನಿಲ್ಲಿಸಿ, ಕೈ ಹಾಕಿಸಿ ತೋರಿಸಿದರೆ ಸಾಕು.

ಬೆಂಕಿಯ ಪಾಠಕ್ಕೆ ಮಾತ್ರ ನಾನು ಅರ್ಧ ದಿನ ತೆಗೆದುಕೊಳ್ಳುತ್ತೇನೆ. 2013ರ ಅಕ್ಟೋಬರ್ 30ರಂದು ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟಿದ್ದ ಬಸ್ಸು ಈಗಿನ ತೆಲಂಗಾಣದ ಪಾಲೆಂ ಹತ್ತಿರ ಹೊತ್ತಿ ಉರಿದು 45 ಜನ ತೀರಿಕೊಂಡರು. 2025ರ ಅಕ್ಟೋಬರ್ 24ರ ಬೆಳಗಿನ ಜಾವ ಹೈದರಾಬಾದಿನಿಂದ ನಮ್ಮ ಕಡೆಗೆ ಬರುತ್ತಿದ್ದ ಸ್ಲೀಪರ್ ಬಸ್ಸು ಕರ್ನೂಲ್ ಹತ್ತಿರ ಬೈಕಿಗೆ ತಾಗಿ ಉರಿದುಹೋಯಿತು. ಎರಡೂ ನಡೆದದ್ದು ಜನ ಮಲಗಿದ್ದ ಹೊತ್ತಿನಲ್ಲಿ.

ಅದಕ್ಕೇ ಕಣ್ಣು ಮುಚ್ಚಿಸಿ ಕೇಳುತ್ತೇನೆ. ಸುತ್ತಿಗೆ ಎಲ್ಲಿದೆ? ಎಮರ್ಜೆನ್ಸಿ ಬಾಗಿಲು ಯಾವ ಕಡೆ? ಬ್ಯಾಟರಿ ಕಟ್ ಆಫ್ ಸ್ವಿಚ್ ಎಲ್ಲಿ? ಬಟನ್ ಒತ್ತಿದರೂ ಬಾಗಿಲು ತೆರೆಯದಿದ್ದರೆ ಅದರ ಏರ್ ಬಿಡುವ ವಾಲ್ವ್ ಎಲ್ಲಿ? ಗಾಜು ಒಡೆಯುವುದನ್ನೂ ಹೇಳಿಕೊಡಬೇಕು. ಮುಂದಿನ ದೊಡ್ಡ ಗಾಜು ಲ್ಯಾಮಿನೇಟ್ ಆಗಿರುತ್ತದೆ. ಒಡೆದರೂ ಅಂಟಿಕೊಂಡೇ ಇರುತ್ತದೆ, ದಾರಿ ಸಿಗುವುದಿಲ್ಲ. ಪಕ್ಕದ ಕಿಟಕಿಯ, ಪುಡಿಪುಡಿಯಾಗಿ ಒಡೆಯುವ ಟಫನ್ಡ್ ಗಾಜಿಗೆ ಮೂಲೆಯಲ್ಲಿ ಹೊಡೆಯಬೇಕು. ನಡುವೆ ಹೊಡೆದರೆ ಏಟು ವ್ಯರ್ಥ. ಎಷ್ಟೋ ಬಸ್ಸುಗಳಲ್ಲಿ ಸುತ್ತಿಗೆ ಇರಬೇಕಾದ ಜಾಗದಲ್ಲಿ ಖಾಲಿ ಕ್ಲಿಪ್ ಇರುತ್ತದೆ. ಇನ್ನು ಕೆಲವು ಕಡೆ ಎಮರ್ಜೆನ್ಸಿ ಬಾಗಿಲಿಗೆ ಅಡ್ಡಲಾಗಿ ಪಾರ್ಸೆಲ್ ಮೂಟೆ. ಓನರ್‌ಗೆ ಬೇಸರ ಆದರೂ ಅದನ್ನು ತೆಗೆಸಿಯೇ ಗಾಡಿ ಎತ್ತಿ ಅಂತ ಹೇಳುತ್ತೇನೆ.

ಪ್ರಥಮ ಚಿಕಿತ್ಸೆಯ ಪಾಠದಲ್ಲಿ ಪ್ರತೀ ಬ್ಯಾಚಿನಲ್ಲೂ ಒಂದು ತಮಾಷೆ ನಡೆಯುತ್ತದೆ. ಪ್ಯಾಸೆಂಜರ್‌ಗೆ ಫಿಟ್ಸ್ ಬಂದರೆ ಏನು ಮಾಡುತ್ತೀರಿ ಅಂತ ಕೇಳಿದರೆ ಎಲ್ಲರೂ ಒಟ್ಟಿಗೆ "ಕೈಗೆ ಬೀಗದ ಕೀ ಕೊಡಬೇಕು" ಅನ್ನುತ್ತಾರೆ. ಕೀ ಗಾಡಿಯಲ್ಲೇ ಇರಲಿ. ಅವರನ್ನು ಒಂದು ಮಗ್ಗುಲಿಗೆ ಮಲಗಿಸಿ. ಬಾಯಿಗೆ ಏನೂ ಹಾಕಬೇಡಿ, ನೀರೂ ಬೇಡ. ಸುತ್ತ ಗುಂಪು ಕಟ್ಟಿದವರನ್ನು ಸರಿಸಿ, 108ಕ್ಕೆ ಫೋನ್ ಮಾಡಿ.

ರಸ್ತೆ ನಿಯಮದ ಪ್ರಶ್ನೆಗಳನ್ನು ಮೊಬೈಲ್ ಆಪ್‌ನಲ್ಲಿ ಬಾಯಿಪಾಠ ಮಾಡುವವರೇ ಜಾಸ್ತಿ. ಓದಲು ಕಷ್ಟ ಇರುವವರಿಗೆ ನಾನು ಕಥೆಯ ಹಾಗೆ ಹೇಳುತ್ತೇನೆ. ಉದಾಹರಣೆಗೆ, ಕಾವಲಿಲ್ಲದ ರೈಲ್ವೆ ಗೇಟ್. ಗಾಡಿ ನಿಲ್ಲಿಸಿ, ಕಂಡಕ್ಟರೋ ಕ್ಲೀನರೋ ಇಳಿದು ಹಳಿಯ ತನಕ ನಡೆದು, ಎರಡೂ ಕಡೆಯಿಂದ ರೈಲು ಬರುತ್ತಿಲ್ಲ ಅಂತ ನೋಡಬೇಕು. ಇದು 1988ರ ಮೋಟಾರು ವಾಹನ ಕಾಯ್ದೆಯಲ್ಲೇ ಇದೆ. ಐವತ್ತು ಜನ ಒಳಗೆ ಕೂತಿದ್ದಾರೆ, ಡ್ರೈವರ್ ಸೀಟಿನಿಂದ ಹಳಿಯ ತಿರುವು ಕಾಣುವುದಿಲ್ಲ ಅಂದರೆ ಸಾಕು, ಉತ್ತರ ಮರೆಯುವುದಿಲ್ಲ.

ಡ್ಯೂಟಿ ಸಮಯದ ವಿಷಯ ಟ್ರಯಲ್‌ಗೆ ಬರದಿದ್ದರೂ ಹೇಳುತ್ತೇನೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಪ್ರಕಾರ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ. ಒಂದೇ ಸಮ ಐದು ಗಂಟೆ ದುಡಿದರೆ ಅರ್ಧ ಗಂಟೆ ಬಿಡುವು. ಬೆಳಗ್ಗೆ ಸ್ಕೂಲ್ ಬಸ್, ರಾತ್ರಿ ಕಂಪನಿ ಬಸ್ ಅಂತ ಎರಡು ಕಡೆ ಒಪ್ಪಿಕೊಳ್ಳುವ ಹುಡುಗರು ಇದನ್ನು ಕೇಳಿ ನಗುತ್ತಾರೆ. ಸಾಲದ ಕಂತು ಯಾರು ಕಟ್ಟುತ್ತಾರೆ ಅನ್ನುತ್ತಾರೆ. ಅದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ಹಿಂದಿನ ರಾತ್ರಿ ನಿದ್ದೆಗೆಟ್ಟು ಬಂದವರಿಗೆ ನಮ್ಮ ಗಾಡಿಯ ಸ್ಟೀರಿಂಗ್ ಮಾತ್ರ ಕೊಡುವುದಿಲ್ಲ.

ಟ್ರಯಲ್ ದಿನಕ್ಕೆ ಎರಡೇ ಮಾತು. ಚಪ್ಪಲಿ ಬೇಡ, ಶೂ ಹಾಕಿ ಬನ್ನಿ. ಇನ್‌ಸ್ಪೆಕ್ಟರ್ ಹತ್ತಿ ಕೂತ ಕೂಡಲೇ ಗೇರ್ ಹಾಕಬೇಡಿ. ಸೀಟು ಸರಿಮಾಡಿಕೊಳ್ಳಿ, ಎರಡೂ ಕನ್ನಡಿ ತಿರುಗಿಸಿಕೊಳ್ಳಿ, ಬೆಲ್ಟ್ ಹಾಕಿ, ಏರ್ ಮೀಟರ್ ನೋಡಿ, ಬಾಗಿಲು ಮುಚ್ಚಿದೆಯಾ ನೋಡಿ. ಅವರು ಆತುರ ಮಾಡಿದರೂ ಇದನ್ನು ಬಿಡಬೇಡಿ.