ಸಾಂತಾ ಕ್ಲಾರಾ ಬಿಟ್ಟ ಒಂದು ಮನೆ

2021ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾ ಕೌಂಟಿಯ ಸನ್ನಿವೇಲ್‌ನ ನಮ್ಮ ಪಕ್ಕದ ಮನೆಯವರು ಟೆಕ್ಸಸ್‌ಗೆ ಹೊರಟರು. ಹಾಸನದ ಕಡೆಯವರು. ಎಲ್ಲಿಂದ ಬೇಕಾದರೂ ಕೆಲಸ ಮಾಡಿ ಅಂತ ಆಫೀಸಿನವರು ಹೇಳಿದ್ದರು. ಅದಕ್ಕೇ ರೌಂಡ್ ರಾಕ್‌ನಲ್ಲಿ ಮನೆ ತಗೊಂಡಿದ್ದರು. ಟ್ರಕ್ಕಿಗೆ ಸಾಮಾನು ತುಂಬಲು ನಾವೂ ಹೋಗಿದ್ದೆವು. ವೆಟ್ ಗ್ರೈಂಡರ್ ಮಾತ್ರ ಆ ಮನೆಯ ಅಕ್ಕ ಯಾರ ಕೈಗೂ ಕೊಡಲಿಲ್ಲ. ಕಲ್ಲು ಬೇರೆ, ಪಾತ್ರೆ ಬೇರೆ ಮಾಡಿ, ಹಳೇ ಸೀರೆಯಲ್ಲಿ ಸುತ್ತಿ ಕಾರಿನಲ್ಲೇ ಇಟ್ಟುಕೊಂಡರು. "ಅಲ್ಲಿ ರಾಜ್ಯದ ಇನ್‌ಕಮ್ ಟ್ಯಾಕ್ಸ್ ಇಲ್ಲ ಕಣ್ರೀ, ಆದ್ರೆ ಮನೆ ಕಂದಾಯ ಜಾಸ್ತಿ," ಅಂತ ಅವರ ಯಜಮಾನರು ಡಬ್ಬಗಳಿಗೆ ಟೇಪ್ ಹಚ್ಚುತ್ತಲೇ ಲೆಕ್ಕ ಒಪ್ಪಿಸಿದರು.

ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ಯಾವ ಕೌಂಟಿಯಿಂದ ಯಾವ ಕೌಂಟಿಗೆ ಎಷ್ಟು ಮನೆಗಳು ಹೋದವು, ಜೊತೆಗೆ ಎಷ್ಟು ಆದಾಯ ಹೋಯಿತು ಅಂತ ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್ ಪ್ರತಿ ವರ್ಷದ್ದೂ ಒಂದು ಪಟ್ಟಿ ಮಾಡುತ್ತದೆ. ಒಬ್ಬರ ಎರಡು ವರ್ಷದ ತೆರಿಗೆ ರಿಟರ್ನ್ ಪಕ್ಕಪಕ್ಕ ಇಟ್ಟು ವಿಳಾಸ ಬದಲಾಗಿದೆಯಾ ನೋಡುತ್ತಾರೆ. ಒಂದು ರಿಟರ್ನ್ ಅಂದರೆ ಹೆಚ್ಚುಕಡಿಮೆ ಒಂದು ಮನೆ. 2021–22ರ ಪಟ್ಟಿ ಬಂದಾಗ ಸಾಂತಾ ಕ್ಲಾರಾದಿಂದ ರೌಂಡ್ ರಾಕ್ ಇರುವ ವಿಲಿಯಮ್‌ಸನ್ ಕೌಂಟಿಗೆ ಹೋದವರ ಸಾಲು ಹುಡುಕಿದೆ. ಅಕ್ಕನ ಮನೆಯೂ ಆ ಲೆಕ್ಕದಲ್ಲಿ ಸೇರಿದೆ ಅಂದುಕೊಂಡೇ ನೋಡಿದೆ.

ಆ ಪಟ್ಟಿಯಲ್ಲಿ ಹಿಡಿಯುವುದು ಎರಡನೇ, ಅಂದರೆ ಹೊಸ ವಿಳಾಸದ, ರಿಟರ್ನ್‌ನ ಆದಾಯ. ಇವರು ಹೋದದ್ದು ಜೂನ್‌ನಲ್ಲಿ. ಅಲ್ಲಿಯವರೆಗಿನ ಸಂಬಳ ದುಡಿದದ್ದು ಇಲ್ಲೇ, ಬಾಡಿಗೆ ಕಟ್ಟಿದ್ದೂ ಇಲ್ಲೇ. ಆದರೂ ಇಡೀ ವರ್ಷದ ದುಡ್ಡು ಟೆಕ್ಸಸ್‌ಗೆ ಹೋಯಿತು ಅಂತ ಲೆಕ್ಕ. ಇನ್ನು ಕೆಲಸ ಬಿಟ್ಟು ಹೋದವರ ಜಾಗಕ್ಕೆ ಬೇರೆಯವರು ಬಂದರೆ ಆ ಸಂಬಳ ಊರಲ್ಲೇ ಉಳಿಯುತ್ತದೆ, ಅಲ್ವಾ? ಇಷ್ಟು ಕೋಟಿ ಡಾಲರ್ ಕೌಂಟಿ ಬಿಟ್ಟಿತು ಅನ್ನುವ ಸುದ್ದಿ ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಬಂದವರ ಲೆಕ್ಕ ಇನ್ನೂ ಕಷ್ಟ. ಭಾರತದಿಂದ ಹೊಸದಾಗಿ ಇಳಿದವರಿಗೆ ಹಿಂದಿನ ವರ್ಷದ ರಿಟರ್ನ್ ಎಲ್ಲಿಂದ ಬರಬೇಕು? ಹೋಲಿಸಲು ಏನೂ ಇಲ್ಲ, ಹಾಗಾಗಿ ಅವರು ಪಟ್ಟಿಗೇ ಬರುವುದಿಲ್ಲ. 100ಕ್ಕೆ ಸುಮಾರು 40 ಜನ ಬೇರೆ ದೇಶದಲ್ಲಿ ಹುಟ್ಟಿದವರೇ ಇರುವ ಕೌಂಟಿ ಇದು. ಹೋಗುವಾಗ ಎಣಿಸಿ, ಬರುವಾಗ ಎಣಿಸದೆ ಬಿಟ್ಟರೆ ಊರು ಖಾಲಿಯಾದಂತೆಯೇ ಕಾಣುತ್ತದೆ.

ಅಕ್ಕ ಭಾನುವಾರ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದರು. ಒಂದು ಡಾಲರೂ ತಗೊಳ್ಳುತ್ತಿರಲಿಲ್ಲ, ಆದ್ದರಿಂದ ಯಾವ ರಿಟರ್ನ್‌ನಲ್ಲೂ ಅದು ಇಲ್ಲ. ಅವರು ಹೋದ ಮೇಲೆ ಕ್ಲಾಸು ಕೆಲವು ತಿಂಗಳು ನಿಂತೇ ಹೋಗಿತ್ತು. ಮರುವರ್ಷ ಮೈಸೂರಿನಿಂದ ಬಂದ ಹುಡುಗಿಯೊಬ್ಬಳು ಅದನ್ನು ಮತ್ತೆ ಶುರು ಮಾಡಿದಳು. ಗಂಡನ ವೀಸಾ ಮೇಲೆ ಬಂದವಳು, ದುಡಿಯಲು ಅನುಮತಿ ಇರಲಿಲ್ಲ. ಆ ದಂಪತಿ ಇಲ್ಲಿನ ಮೊದಲ ರಿಟರ್ನ್ ಹಾಕುವ ಹೊತ್ತಿಗೆ ನನ್ನ ಮಗ ಅವಳ ಹತ್ತಿರ ಒತ್ತಕ್ಷರ ಕಲಿತು ಮುಗಿಸಿದ್ದ.