ಬೇರೆಯವರ ತೋಟದಲ್ಲಿ ಪುಕ್ಕಟೆ ಯಾಕೆ ದುಡೀತೀರಿ?

ಚಿಕ್ಕಮಗಳೂರಿನಲ್ಲಿ ಯಾರ ಮನೆ ಮದುವೆಗೆ ಹೋದರೂ ನನಗೆ ಈ ಪ್ರಶ್ನೆ ತಪ್ಪಿದ್ದಲ್ಲ. "ಭಾನುವಾರ ಬಂದ್ರೆ ಯಾರದೋ ಕಾಫಿ ತೋಟಕ್ಕೆ ಹೋಗಿ ಗುದ್ದಲಿ ಹಿಡೀತೀರಂತೆ ಮೇಷ್ಟ್ರೇ. ಕೂಲಿನೂ ಇಲ್ವಂತೆ. ತೋಟದವರಿಗೇನು ದುಡ್ಡಿಲ್ವಾ?"

ಕೇಳುವುದರಲ್ಲಿ ತಪ್ಪಿಲ್ಲ. ಈ ಕೆಲಸ ಮಾಡುವ ಗುಂಪಿಗೆ ಸೇರುವ ಮೊದಲು ನಾನೂ ಇದನ್ನೇ ಕೇಳಿದ್ದೆ.

ನಾವು ಏಳೆಂಟು ಜನ ತೋಟದ ಕೆಲಸಕ್ಕೆ ಕೈ ಹಾಕುವುದಿಲ್ಲ. ಕಾಫಿ ಕುಯ್ಯುವುದಿಲ್ಲ, ಗೊಬ್ಬರ ಹಾಕುವುದಿಲ್ಲ, ಮರಗಸಿ (ನೆರಳಿನ ಮರದ ಕೊಂಬೆ ಸವರುವುದು) ಮಾಡುವುದಿಲ್ಲ. ಅದು ಕೂಲಿಯವರ ಅನ್ನ. ನಮ್ಮದು ಹಳ್ಳದ ದಂಡೆಯ ಕೆಲಸ. ಬೇರೆ ಗಿಡ ಬೆಳೆಯಗೊಡದೆ ಹಬ್ಬುವ ಲಂಟಾನದ ಪೊದೆ ಕೀಳುತ್ತೇವೆ, ಕಾಡುಗಿಡ ನೆಡುತ್ತೇವೆ, ಒರತೆಯ ಸುತ್ತ ಬಿದ್ದ ಪ್ಲಾಸ್ಟಿಕ್ ಆರಿಸುತ್ತೇವೆ. ಇದರಿಂದ ತೋಟದವರಿಗೆ ಒಂದು ಕಾಳು ಕಾಫಿಯೂ ಜಾಸ್ತಿ ಸಿಗುವುದಿಲ್ಲ. ಅದಕ್ಕೇ ಇದನ್ನು ಯಾರೂ ಕೂಲಿ ಕೊಟ್ಟು ಮಾಡಿಸುವುದಿಲ್ಲ.

ಕಾಫಿ ತೋಟ ಅಂದ ತಕ್ಷಣ ಸಾಹುಕಾರರು ಅಂದುಕೊಳ್ಳುತ್ತಾರೆ. ನಮ್ಮ ದೇಶದ ಕಾಫಿ ಬೆಳೆಗಾರರಲ್ಲಿ ನೂರಕ್ಕೆ 98ಕ್ಕಿಂತ ಹೆಚ್ಚು ಜನರ ಹಿಡುವಳಿ 10 ಹೆಕ್ಟೇರ್ ಒಳಗೇ ಇದೆ, ಅಂದರೆ 25 ಎಕರೆಯ ಒಳಗೆ. ಮೂಡಿಗೆರೆ ಕಡೆ ನಾವು ಹೋಗುವ ತೋಟ ನಾಲ್ಕೇ ಎಕರೆ. ಗಂಡ ಹೆಂಡತಿ ಇಬ್ಬರೇ ನೋಡಿಕೊಳ್ಳುತ್ತಾರೆ. ಕುಯ್ಲಿಗೇ ಆಳು ಸಿಗದೆ ಒದ್ದಾಡುವವರು ಹಳ್ಳದ ಲಂಟಾನಕ್ಕೆ ಆಳು ಎಲ್ಲಿಂದ ತರಬೇಕು?

ತೋಟ ಅವರದು, ಸರಿ. ಹಳ್ಳ? ಅದು ಹೋಗಿ ಹೇಮಾವತಿಗೆ ಸೇರುತ್ತದೆ. ಹೇಮಾವತಿ ಹುಟ್ಟುವುದು ಇದೇ ತಾಲ್ಲೂಕಿನ ಜಾವಳಿಯಲ್ಲಿ. ಸಕಲೇಶಪುರ ದಾಟಿ, ಗೊರೂರು ಅಣೆಕಟ್ಟಿನಲ್ಲಿ ತುಂಬಿ, ಕೆಆರ್‌ಎಸ್ ಹಿನ್ನೀರಿನಲ್ಲಿ ಕಾವೇರಿಯ ಜೊತೆ ಸೇರುತ್ತದೆ. ಹಾಸನದ ನಲ್ಲಿಯಲ್ಲಿ ಬರುವುದೂ ಮಂಡ್ಯದ ಗದ್ದೆಗೆ ಹರಿಯುವುದೂ ಇಂಥ ಹಳ್ಳಗಳ ನೀರೇ. ಅಷ್ಟೂ ಜನರ ನೀರನ್ನು ಕಾಯುವ ಕೆಲಸವನ್ನು ಆ ಇಬ್ಬರ ತಲೆಗೇ ಕಟ್ಟಿ ಕೂತರೆ ಹೇಗೆ?

ಲಂಟಾನದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಮೊದಲ ವರ್ಷ ನಾವು ಮಚ್ಚು ತಗೊಂಡು ಮಂಡಿ ಎತ್ತರಕ್ಕೆ ಸವರಿ ಬಂದೆವು. ಮಳೆ ಬಿದ್ದ ಮೇಲೆ ಹೋಗಿ ನೋಡಿದರೆ ಒಂದೊಂದು ಬುಡದಲ್ಲಿ ಹತ್ತು ಹತ್ತು ಚಿಗುರು. ಅಳುವ ಹಾಗಾಯಿತು. ತೋಟದ ಅಕ್ಕ ಗುದ್ದಲಿ ತಂದು ಬುಡದ ಮಣ್ಣು ಬಿಡಿಸಿದರು. ಕಾಂಡ ಮುಗಿದು ಬೇರು ಶುರುವಾಗುವ ಕಡೆ ಒಂದು ಗಂಟು ಇರುತ್ತದೆ. ಚಿಗುರುವುದು ಅಲ್ಲಿಂದ. ಅದಕ್ಕಿಂತ ನಾಲ್ಕು ಬೆರಳು ಕೆಳಗೆ ತಾಯಿಬೇರನ್ನೇ ಕಡಿಯಬೇಕು. ಆಮೇಲೆ ಇಡೀ ಗಿಡವನ್ನು ತಲೆಕೆಳಗು ಮಾಡಿ, ಬೇರು ಬಿಸಿಲಿಗೆ ಒಣಗುವ ಹಾಗೆ ಬಿಡಬೇಕು. ಕಾಯಿ ಹಣ್ಣಾಗುವ ಮೊದಲೇ ಕಿತ್ತರೆ ಒಳ್ಳೆಯದು, ಇಲ್ಲದಿದ್ದರೆ ಹಕ್ಕಿಗಳು ತಿಂದು ಎಲ್ಲ ಕಡೆ ಬೀಜ ಹಾಕುತ್ತವೆ. ಅವು ಕೂರುವ ಮರದ ಕೆಳಗೆ ಎರಡು ಮೂರು ವರ್ಷ ಸಸಿ ಕೀಳುತ್ತಲೇ ಇರಬೇಕು. ಒಂದು ದಿನ ಬಂದು ಫೋಟೋ ತೆಗೆಸಿಕೊಂಡು ಹೋಗುವ ಕೆಲಸ ಅಲ್ಲ ಇದು.

ಮುಂಗಾರು ಹಿಡಿದ ಮೇಲೆ ಗಿಡ ನೆಡುತ್ತೇವೆ. ಕಾಲಿಗೆ ಹೊಗೆಸೊಪ್ಪು, ಸುಣ್ಣ ಹಚ್ಚಿಕೊಂಡರೂ ರಕ್ತ ಹೀರುವ ಇಂಬಳ ಬಿಡುವುದಿಲ್ಲ. ದಂಡೆಗೆ ಹೊಳೆಮತ್ತಿ, ವಾಟೆ, ನೇರಳೆ, ಅತ್ತಿ ಹಾಕುತ್ತೇವೆ. ತೋಟಗಳಲ್ಲಿ ಈಗ ಎಲ್ಲಿ ನೋಡಿದರೂ ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್. ಬೇಗ ಬೆಳೆಯುತ್ತದೆ, ನೆಟ್ಟಗೆ ಇರುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಬಹುದು. ಬೆಳೆಗಾರರನ್ನು ನಾನು ದೂರುವುದಿಲ್ಲ. ಆದರೆ ಮಂಗಟ್ಟೆಗೆ, ಕುಟ್ರು ಹಕ್ಕಿಗೆ ಅದರಲ್ಲಿ ತಿನ್ನುವ ಹಣ್ಣಿಲ್ಲ. ಒಂದು ಅತ್ತಿ ಮರ ಹಣ್ಣು ಬಿಟ್ಟ ದಿನ ಅದರ ಕೆಳಗೆ ಹೋಗಿ ನಿಂತು ನೋಡಿ, ಗೊತ್ತಾಗುತ್ತದೆ.

ಹಾಗಂತ ಎಲ್ಲ ಕಡೆ ಗಿಡ ನೆಡುವುದು ಸರಿ ಅಂತ ನಾನು ಒಪ್ಪುವುದಿಲ್ಲ. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಸಾಲಿನ ಹುಲ್ಲುಗಾವಲು 'ಬೋಳು ಗುಡ್ಡ' ಅಲ್ಲ. ಅಲ್ಲಿ ಹುಲ್ಲೇ ಇರಬೇಕು. 2022ರಲ್ಲಿ ನೀಲಿ ಕುರಿಂಜಿ ಹೂ ಅರಳಿದ್ದು ಅಲ್ಲೇ. "ಗುಡ್ಡದ ಮೇಲೆ ಸಾವಿರ ಗಿಡ ನೆಡೋಣ ಬನ್ನಿ" ಅಂತ ಕರೆದವರಿಗೆ ಕೈ ಮುಗಿದು ಬೇಡ ಅಂದಿದ್ದೇವೆ. ಕಡಿದಾದ ಇಳಿಜಾರಿನಲ್ಲಿ ಮಳೆನೀರಿಗೆ ಇಂಗುಗುಂಡಿ ತೋಡುವುದಕ್ಕೂ ನಾವು ಹೋಗುವುದಿಲ್ಲ, ನೀರು ಇಂಗಿ ಗುಡ್ಡವೇ ಜರಿಯುವ ಭಯ. 2019ರ ಆಗಸ್ಟ್ ಮಳೆಗೆ ಮೂಡಿಗೆರೆ ತಾಲ್ಲೂಕಿನ ಮಲೆಮನೆ ಕಡೆ ಗುಡ್ಡ ಕುಸಿದದ್ದನ್ನು ಈ ಸೀಮೆಯವರು ಯಾರೂ ಮರೆತಿಲ್ಲ.

ನಿಮಗೇನು ಸಿಗುತ್ತೆ ಅಂತಲೂ ಕೇಳುತ್ತಾರೆ. ಮಧ್ಯಾಹ್ನ ಅಕ್ಕ ಮಾಡಿಕೊಡುವ ಅಕ್ಕಿರೊಟ್ಟಿ, ಕಾಫಿ ಸಿಗುತ್ತದೆ. ಕಳೆದ ಜೂನ್‌ನಲ್ಲಿ ಇನ್ನೊಂದೂ ಸಿಕ್ಕಿತು. ಮೊದಲ ಸಲ ಹೋದಾಗ ತೋಟದ ಗೌಡ್ರು ನಮ್ಮನ್ನು ಗೇಟಿನಲ್ಲೇ ನಿಲ್ಲಿಸಿ, "ಜಾಗ ಹೊಡೆಯೋಕೆ ಬಂದಿದ್ದೀರಾ?" ಅಂತ ಕೇಳಿದ್ದರು. ಈ ಸಲ ನಾವು ಹೋಗುವಷ್ಟರಲ್ಲಿ ಹಳ್ಳದ ಆ ಬದಿಯಲ್ಲಿ ಒಂದು ಸಾಲು ಕಾಫಿ ಗಿಡವನ್ನೇ ಕಿತ್ತಿಟ್ಟಿದ್ದರು. ಕೈಯ ಮಣ್ಣು ಕೊಡವಿಕೊಳ್ಳುತ್ತಾ, "ಈ ದಂಡೆಗೂ ಹೊಳೆಮತ್ತಿ ಹಾಕಿ ಮೇಷ್ಟ್ರೇ, ಜಾಗ ಬಿಟ್ಟಿದ್ದೀನಿ" ಅಂದರು.