ಎಂಟೇ ದಿಕ್ಕಿನ ಹೆಬ್ಬೆರಳು

"ಮಾಮ, ನೀವು ಯಾವ ಕಡೆ ತಿರುಗ್ತೀರಿ ಅಂತ ನನಗೆ ಮೊದಲೇ ಗೊತ್ತಾಗುತ್ತೆ."

ಭಾನುವಾರ ಕೇಳಿದ ಮಾತು. ಇವತ್ತು ಗುರುವಾರ, ಇನ್ನೂ ಕಿವಿಯಲ್ಲೇ ಇದೆ. ಫುಟ್‌ಬಾಲ್ ವಿಡಿಯೊ ಗೇಮಿನಲ್ಲಿ ಅಕ್ಕನ ಮಗ ಆರು ಗೋಲು ಹೊಡೆದ, ನಾನು ಒಂದು. ಸೋತದ್ದಕ್ಕೆ ಬೇಜಾರಿಲ್ಲ, ಅಭ್ಯಾಸ ಆಗಿದೆ. ಆದರೆ ಅವನು ಹೇಳಿದ ರೀತಿ! ಸ್ಕ್ರೀನಿನಿಂದ ಕಣ್ಣು ಕೂಡ ತೆಗೆಯಲಿಲ್ಲ. ಹುಡುಗ ಒಳ್ಳೆಯವನೇ, ಗೆದ್ದಾಗ ಮಾತ್ರ ಸ್ವಲ್ಪ ಜಾಸ್ತಿ.

ನಾನು ಇವತ್ತಿಗೂ ಡಿ-ಪ್ಯಾಡಿನಲ್ಲಿ, ಅಂದರೆ ಕಂಟ್ರೋಲರಿನ ದಿಕ್ಕಿನ ಗುಂಡಿಗಳಲ್ಲಿ, ಆಡುವವನು. ಆಟ ಶುರುವಾಗುವ ಮೊದಲು ಸೆಟ್ಟಿಂಗ್ ಬದಲಾಯಿಸಿಕೊಂಡೇ ಕೂರುತ್ತೇನೆ. ಕಲಿತದ್ದೇ ಹಾಗೆ, ಮೊದಲ ಪ್ಲೇಸ್ಟೇಷನ್ ಬಂದಾಗ ಅದರ ಕಂಟ್ರೋಲರಿನಲ್ಲಿ ಹೆಬ್ಬೆರಳಿನಿಂದ ಬೇಕಾದ ಕಡೆ ವಾಲಿಸುವ ಸ್ಟಿಕ್ಕೇ ಇರಲಿಲ್ಲ. ಒತ್ತಿದರೆ ಒತ್ತಿದ್ದು ಬೆರಳಿಗೆ ಗೊತ್ತಾಗುತ್ತೆ. ಎಡಕ್ಕೆ ಓಡುತ್ತಿದ್ದವನನ್ನು ಬಲಕ್ಕೆ ತಿರುಗಿಸಬೇಕಾ, ಹೆಬ್ಬೆರಳು ಒಂಚೂರು ವಾಲಿದರೆ ಸಾಕು. ಸ್ಟಿಕ್ ಆದರೆ ಆ ತುದಿಯಿಂದ ಈ ತುದಿಗೆ ಪಯಣ ಮಾಡಬೇಕು, ಅಷ್ಟರಲ್ಲಿ ಬಾಲ್ ಹೋಗಿರುತ್ತೆ. ನನ್ನ ಬಾಲ್ ಅಂತೂ ಹೋಗಿರುತ್ತೆ.

ಆದರೆ ಅವನು ಹೇಳಿದ್ದು ನಿಜ, ಅದೇ ತೊಂದರೆ. ಡಿ-ಪ್ಯಾಡಿನಲ್ಲಿ ಇರುವುದು ಎಂಟೇ ದಿಕ್ಕು, ಒಂದಕ್ಕೂ ಇನ್ನೊಂದಕ್ಕೂ 45 ಡಿಗ್ರಿ ಅಂತರ. ನನ್ನ ವಿಂಗರ್ ಗೆರೆ ಪಕ್ಕ ಓಡುತ್ತಾ ಒಳಗೆ ನುಗ್ಗಬೇಕೆಂದರೆ ಇರುವುದು ಒಂದೇ ಓರೆ. ಹುಡುಗ ತನ್ನ ಡಿಫೆಂಡರ್‌ನನ್ನು ಸುಮ್ನೆ ಆ ಓರೆಯಲ್ಲಿ ತಂದು ನಿಲ್ಲಿಸುತ್ತಾನೆ. ಅಟ್ಟಿಸಿಕೊಂಡು ಬರುವುದೂ ಇಲ್ಲ, ಬಸ್ಸಿಗೆ ಕಾದ ಹಾಗೆ ಕಾಯುತ್ತಾನೆ.

ಮಾನ ಉಳಿಸಿಕೊಳ್ಳಲು ಇತಿಹಾಸ ತೆಗೆದೆ. ಫಿಫಾ ಗೇಮಿನಲ್ಲಿ 360 ಡಿಗ್ರಿ ಡ್ರಿಬ್ಲಿಂಗ್, ಅಂದರೆ ಬಾಲ್ ಜೊತೆ ಯಾವ ದಿಕ್ಕಿಗಾದರೂ ಓಡುವುದು, ಬಂದದ್ದೇ 2009ರಲ್ಲಿ, ಫಿಫಾ 10ರ ಜೊತೆ, ಅಲ್ಲಿಯವರೆಗೆ ಸ್ಟಿಕ್ ಹಿಡಿದವರಿಗೂ ಸಿಗುತ್ತಿದ್ದದ್ದು ಇದೇ ಎಂಟು ಕಣೋ ಅಂದೆ. 1996ರ ನಿಂಟೆಂಡೊ 64 ಗೇಮ್ ಯಂತ್ರದ ಕಂಟ್ರೋಲರ್ ನೋಡು, ಸ್ಟಿಕ್ಕಿನ ಸುತ್ತ ಎಂಟು ಮೂಲೆ ಕೊರೆದಿದ್ದರು, ಬೆರಳಿಗೆ ದಿಕ್ಕು ಸಿಗಲಿ ಅಂತ, ಅಂದೆ. "ನಾನು ಆಗ ಹುಟ್ಟಿರಲಿಲ್ಲ" ಅಂದ. ಇದಕ್ಕೆ ಏನು ಹೇಳೋದು?

ಸೋಮವಾರದಿಂದ ಹಟ ಹಿಡಿದು ಸ್ಟಿಕ್ಕಿನಲ್ಲಿ ಆಡಿದೆ. ಪಾಸ್ ಕೂದಲೆಳೆಯಷ್ಟು ಆಚೆ ಹೋಗಿ ಎದುರಾಳಿಯ ಕಾಲಿಗೆ ಬೀಳುತ್ತೆ. ನೇರ ಓಡಬೇಕಾದವನು ನಿದ್ದೆಗಣ್ಣಲ್ಲಿ ನಡೆದ ಹಾಗೆ ವಾಲುತ್ತಾನೆ. ಮೂರು ದಿನ ಆದಮೇಲೆ ಸ್ವಲ್ಪ ಕೈ ಹತ್ತಿತು ಅನ್ನಿಸಿ, ನಿನ್ನೆ ಸಂಜೆ ಅವನನ್ನೇ ಕರೆದು ಪಕ್ಕದಲ್ಲಿ ಕೂರಿಸಿಕೊಂಡೆ. ಈ ಸಲ ಅವನು ಸ್ಕ್ರೀನ್ ನೋಡಲಿಲ್ಲ, ನನ್ನ ಕೈ ನೋಡಿದ.

"ಮಾಮ, ಸ್ಟಿಕ್ಕನ್ನೂ ಎಂಟೇ ಕಡೆ ತಳ್ತಿದ್ದೀರಲ್ಲ!"

ನೋಡಿಕೊಂಡೆ. ಹೌದು. ಮೇಲೆ, ಓರೆ, ಪಕ್ಕ, ಮತ್ತೆ ಓರೆ. ಮಧ್ಯದಲ್ಲಿ ಅಷ್ಟೊಂದು ಜಾಗ ಖಾಲಿ ಬಿದ್ದಿದೆ, ನನ್ನ ಬೆರಳು ಅಲ್ಲಿಗೆ ಹೋಗುವುದೇ ಇಲ್ಲ. ಅಡುಗೆಮನೆಯಲ್ಲಿ ಡಬ್ಬಿ ಬೇರೆ ಕಡೆ ಇಟ್ಟರೆ ಮೂರು ದಿನ ಹಳೇ ಜಾಗಕ್ಕೇ ಕೈ ಹಾಕುವವನು ನಾನು, ಇನ್ನು ಇದು ಎಷ್ಟು ವರ್ಷದ ಬೆರಳು!

ಅವನು ನನ್ನ ಹೆಬ್ಬೆರಳ ಮೇಲೆ ತನ್ನ ಹೆಬ್ಬೆರಳಿಟ್ಟು ಒಂಚೂರು ತಳ್ಳಿದ. ಪೂರ್ತಿ ಮೇಲೂ ಅಲ್ಲ, ಓರೆಯೂ ಅಲ್ಲ. ವಿಂಗರ್ ಇಬ್ಬರು ಡಿಫೆಂಡರ್‌ಗಳ ನಡುವೆ ನುಸುಳಿಕೊಂಡು ಹೋದ, ಎದುರಿಗೆ ಗೋಲ್‌ಕೀಪರ್ ಒಬ್ಬನೇ. ನಾನು ಗಾಬರಿಯಲ್ಲಿ ಬಾಲನ್ನು ಕೀಪರ್ ಕೈಗೇ ಹೊಡೆದೆ.